ಮೂರು ಲಕ್ಷ ಕಣ್ಣು, ಒಂದು ತೂತು

ಮನೆ ಕಟ್ಟಿಸುವಾಗ ನಾವು ಎಷ್ಟೆಲ್ಲ ಲೆಕ್ಕ ಹಾಕುತ್ತೇವೆ! ತಲೆಬಾಗಿಲಿಗೆ ಸಾಗವಾನಿಯೇ ಆಗಬೇಕು ಎನ್ನುತ್ತೇವೆ. ನೆಲಕ್ಕೆ ಶಹಾಬಾದಿ ಕಲ್ಲೋ ಗ್ರಾನೈಟೋ ಎಂದು ನಾಲ್ಕು ಜನರನ್ನು ಕೇಳುತ್ತೇವೆ. ಗೋಡೆಯ ಬಣ್ಣಕ್ಕಾಗಿ ಮನೆಮಂದಿಯೆಲ್ಲ ವಾದಕ್ಕೆ ಕೂರುತ್ತೇವೆ. ಆದರೆ ಕಿಟಕಿಗೆ ಬಡಿದ ಸೊಳ್ಳೆ ಜಾಲರಿ ಒಮ್ಮೆ ಹರಿಯಿತೆನ್ನಿ, ಅದು ಹರಿದೇ ಇರುತ್ತದೆ. ಈ ದೀಪಾವಳಿಗೆ ಮಾಡಿಸೋಣ, ಬರುವ ಯುಗಾದಿಗೆ ಮಾಡಿಸೋಣ ಎನ್ನುತ್ತ ವರ್ಷಗಳು ಉರುಳುತ್ತವೆ.

ಬಸವಕಲ್ಯಾಣ, ಹುಮನಾಬಾದಿನ ಯಾವ ಓಣಿಯಲ್ಲಾದರೂ ತಲೆ ಎತ್ತಿ ಕಿಟಕಿಗಳನ್ನು ನೋಡುತ್ತ ಹೋಗಿ. ಒಂದೆಡೆ ಜಾಲರಿಯ ಮೂಲೆ ಕಿತ್ತು ಗಾಳಿಗೆ ಪಟಪಟ ಎನ್ನುತ್ತಿರುತ್ತದೆ. ಇನ್ನೊಂದೆಡೆ ಬೆಕ್ಕು ಹರಿದ ಜಾಗಕ್ಕೆ ಹತ್ತಿಯ ಉಂಡೆ ತುರುಕಿರುತ್ತಾರೆ. ಮಗದೊಂದೆಡೆ ಟಿ.ವಿ.ಯ ಕೇಬಲ್ ಒಳಗೆ ತರಲೆಂದು ಕೊರೆದ ತೂತು, ಕೇಬಲ್ ಹೋದ ಮೇಲೂ ಹಾಗೆಯೇ ಉಳಿದಿರುತ್ತದೆ. ಕೇಳಿದರೆ 'ಇಷ್ಟೇ ಇಷ್ಟು ಹರದದ್ರೀ, ಅದೇನ್ ಮಹಾ' ಎಂಬ ಮಾತು ಸಿದ್ಧ.

ಇಷ್ಟೇ ಇಷ್ಟು ನಿಜ. ಆದರೆ ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಸಾಮಾನ್ಯ ಸೊಳ್ಳೆ ಜಾಲರಿಯಲ್ಲಿ ಒಂದು ಅಂಗುಲ ಉದ್ದಕ್ಕೆ 16, ಅಗಲಕ್ಕೆ 16 ಕಣ್ಣುಗಳಿರುತ್ತವೆ. ಅಂದರೆ ಒಂದು ಚದರ ಅಂಗುಲಕ್ಕೆ 256. ಎರಡೂವರೆ ಅಡಿ ಅಗಲ, ಮೂರೂವರೆ ಅಡಿ ಎತ್ತರದ ಒಂದು ಕಿಟಕಿಗೆ ಮೂರು ಲಕ್ಷ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಕಣ್ಣು! ಈ ಮೂರು ಲಕ್ಷ ಕಾವಲುಗಾರರು ನೆಟ್ಟಗೆ ನಿಂತಿದ್ದರೂ ಬೆರಳು ತೂರುವಷ್ಟು ಜಾಗದಲ್ಲಿ ಕಾವಲು ತಪ್ಪಿದರೆ ಸೊಳ್ಳೆಗೆ ಅಷ್ಟೇ ಸಾಕು. ಕೋಟೆಯ ಗೋಡೆ ಎಷ್ಟು ದಪ್ಪವಿದ್ದರೇನು, ದಿಡ್ಡಿ ಬಾಗಿಲು ತೆರೆದಿದ್ದರೆ? ಕಲ್ಯಾಣದ ಕೋಟೆಯನ್ನು ದಿನವೂ ಕಾಣುವವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ಸಾಣಿಗೆಯಿಂದ ಬಂದ ಜಾಲರಿ

ಪುಸ್ತಕದ ಮಾತಿನಲ್ಲಿ ಜಾಲರಿ, ನಮ್ಮ ಬೀದರ ಜಿಲ್ಲೆಯ ಅಂಗಡಿಯಲ್ಲಿ ಜಾಲಿ. ದಖನಿ ಮಾತಾಡುವವರ ಬಾಯಲ್ಲಿ 'ಮಚ್ಛರ್ ಜಾಲಿ'. ಕಿಟಕಿಗೆ ಜಾಲಿ ಹಾಕುವ ಯೋಚನೆ ಈ ಸೀಮೆಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯರ ಕಾಲದ ಗುಡಿಗಳಲ್ಲಿ ಕಲ್ಲನ್ನೇ ಕೊರೆದು ಮಾಡಿದ ಜಾಲಂಧ್ರಗಳಿವೆ. ಆದರೆ ಅವು ಬೆಳಕನ್ನು ಸೋಸಿ ಒಳಬಿಡುವುದಕ್ಕೆ, ಗಾಳಿ ಆಡುವುದಕ್ಕೆ. ಸೊಳ್ಳೆಯನ್ನು ತಡೆಯುವ ಉದ್ದೇಶ ಅವಕ್ಕಿರಲಿಲ್ಲ.

ತಂತಿಯ ಜಾಲರಿ ಕಿಟಕಿಗೆ ಬಂದದ್ದು ಅಡುಗೆಮನೆಯಿಂದ ಎಂದರೆ ಆಶ್ಚರ್ಯವಾಗಬಹುದು. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಗಿಲ್ಬರ್ಟ್ ಅಂಡ್ ಬೆನೆಟ್ ಎಂಬ ಕಂಪನಿ ಹಿಟ್ಟು ಸೋಸುವ ಸಾಣಿಗೆಗಳನ್ನು ಮಾಡುತ್ತಿತ್ತು. 1861ರಲ್ಲಿ ಅಲ್ಲಿ ಅಂತರ್ಯುದ್ಧ ಹತ್ತಿಕೊಂಡಾಗ ದಕ್ಷಿಣದ ರಾಜ್ಯಗಳ ವ್ಯಾಪಾರ ನಿಂತುಹೋಗಿ ತಂತಿ ಬಟ್ಟೆ ಮಾರಾಟವಾಗದೆ ಉಳಿಯಿತು. ಅದಕ್ಕೆ ಬಣ್ಣ ಬಳಿದು ಕಿಟಕಿಗೆ ಹಾಕಬಹುದೆಂದು ಮಾರಿದರು. ನೊಣ, ಹುಳುಗಳಿಂದ ಬೇಸತ್ತಿದ್ದ ಜನ ಅದನ್ನು ಒಪ್ಪಿಕೊಂಡರು. ನಮ್ಮ ಕಿಟಕಿಯ ಜಾಲಿ ಮೂಲತಃ ಒಂದು ಸಾಣಿಗೆ. ತೂತು ಬಿದ್ದ ಸಾಣಿಗೆಯಲ್ಲಿ ಯಾವ ಗೃಹಿಣಿಯೂ ಹಿಟ್ಟು ಸೋಸಲಾರಳು. ತೂತು ಬಿದ್ದ ಜಾಲರಿಯ ಕೆಳಗೆ ಮಾತ್ರ ನಾವು ಮಕ್ಕಳನ್ನು ಮಲಗಿಸುತ್ತೇವೆ.

ಆಗ ಸೊಳ್ಳೆ ಬರಿಯ ಕಿರಿಕಿರಿ ಎಂದಷ್ಟೇ ತಿಳಿದಿದ್ದರು. ಅದು ಮಲೇರಿಯಾ ಹೊತ್ತು ತರುತ್ತದೆ ಎಂಬುದರ ಸಾಕ್ಷ್ಯ ಸಿಕ್ಕಿದ್ದು ನಮಗೆ ದೂರದ ಊರಿನಲ್ಲಲ್ಲ. ಹುಮನಾಬಾದಿನ ಹೆದ್ದಾರಿ ಹಿಡಿದು ಪೂರ್ವಕ್ಕೆ ಹೊರಟರೆ ಹೈದರಾಬಾದು. ಅದರ ಮಗ್ಗುಲಿನ ಸಿಕಂದರಾಬಾದಿನಲ್ಲಿ 1897ರ ಆಗಸ್ಟ್ 20ರಂದು ವೈದ್ಯ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರಾವಲಂಬಿಯನ್ನು ಕಂಡ. ಬಸವಕಲ್ಯಾಣ, ಹುಮನಾಬಾದುಗಳೂ ಆಗ ನಿಜಾಮರ ಅದೇ ಹೈದರಾಬಾದು ಸಂಸ್ಥಾನದಲ್ಲಿದ್ದವು. ಆಗಸ್ಟ್ 20 ಈಗ ವಿಶ್ವ ಸೊಳ್ಳೆ ದಿನ.

ಗುಡಿಸಲಿನ ಪರೀಕ್ಷೆ

ರಾಸ್ ಕಂಡದ್ದೇನೋ ಸರಿ. ಆದರೆ ಜಾಲರಿಯಿಂದ ಮನುಷ್ಯನನ್ನು ಕಾಪಾಡಬಹುದೆ? ಇದನ್ನು ಪರೀಕ್ಷಿಸಲು 1900ರಲ್ಲಿ ಲಂಡನ್ನಿನ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ವೈದ್ಯ ಒಂದು ಪ್ರಯೋಗ ಹೂಡಿದ. ಇಟಲಿಯಲ್ಲಿ ರೋಮ್ ನಗರದ ಹತ್ತಿರ ಓಸ್ಟಿಯಾ ಎಂಬಲ್ಲಿ ಜೌಗು ಭೂಮಿ. ಬೇಸಿಗೆ ಬಂತೆಂದರೆ ಅಲ್ಲಿ ಮಲೇರಿಯಾದ ಹಾವಳಿ. ಅಂಥ ಕಡೆ ಮರದ ಗುಡಿಸಲೊಂದನ್ನು ನಿಲ್ಲಿಸಿ ಕಿಟಕಿ, ಬಾಗಿಲುಗಳಿಗೆಲ್ಲ ತಂತಿ ಜಾಲರಿ ಬಿಗಿದರು. ಸ್ಯಾಂಬನ್ ಮತ್ತು ಲೋ ಎಂಬ ಇಬ್ಬರು ವೈದ್ಯರು ಸಂಗಡಿಗರೊಂದಿಗೆ ಅದರಲ್ಲಿ ಬೇಸಿಗೆಯಿಡೀ ವಾಸವಾಗಿದ್ದರು. ಹಗಲೆಲ್ಲ ಹೊರಗೆ ತಿರುಗಾಟ. ಹೊತ್ತು ಮುಳುಗುವ ಮುನ್ನ ಒಳಗೆ ಸೇರಿದರೆ ಮತ್ತೆ ಹೊರಬರುವುದು ಹೊತ್ತು ಮೂಡಿದ ಮೇಲೆ. ಕ್ವಿನೈನ್ ಗುಳಿಗೆ ನುಂಗಲಿಲ್ಲ. ಸುತ್ತಲಿನ ಜನ ಜ್ವರದಲ್ಲಿ ನರಳುತ್ತಿದ್ದರೂ ಗುಡಿಸಲಿನವರಿಗೆ ಮಲೇರಿಯಾ ತಟ್ಟಲಿಲ್ಲ.

ಅದೇ ವರ್ಷ ರೋಮಿನಿಂದ ರೋಗದ ಸೊಳ್ಳೆಗಳನ್ನು ಲಂಡನ್ನಿಗೆ ತರಿಸಿದರು. ಅವುಗಳಿಂದ ಕಚ್ಚಿಸಿಕೊಂಡವನು ಮ್ಯಾನ್ಸನ್‌ನ ಮಗನೇ. ಮಲೇರಿಯಾದ ಸುಳಿವೇ ಇಲ್ಲದ ಲಂಡನ್ನಿನಲ್ಲಿ ಕುಳಿತಿದ್ದ ಅವನಿಗೆ ಜ್ವರ ಬಂತು! ಜೌಗಿನ ನಡುವೆ ಜಾಲರಿಯೊಳಗೆ ಇದ್ದವರು ಆರೋಗ್ಯವಂತರು, ಜೌಗಿನಿಂದ ದೂರವಿದ್ದೂ ಕಚ್ಚಿಸಿಕೊಂಡವನು ರೋಗಿ. ಜಾಲರಿಯ ಪರವಾಗಿ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಗುಡಿಸಲಿನವರು ಗೆದ್ದದ್ದು ಜಾಲರಿ ಇತ್ತು ಎಂಬುದರಿಂದಷ್ಟೇ ಅಲ್ಲ. ಅದರಲ್ಲಿ ತೂತಿರಲಿಲ್ಲ, ಸಂಜೆಯ ಹೊತ್ತಿಗೆ ಬಾಗಿಲು ಮುಚ್ಚಿರುತ್ತಿತ್ತು.

ರಾತ್ರಿಯ ಅತಿಥಿ

ನಮ್ಮ ಜಿಲ್ಲೆಯ ಮಟ್ಟಿಗೆ ಜಾಲರಿ ಇನ್ನೂ ಒಂದು ಕಾರಣಕ್ಕೆ ಮುಖ್ಯ. ಅದು ಆನೆಕಾಲು ರೋಗ. ಕರ್ನಾಟಕದಲ್ಲಿ ಈ ರೋಗದ ನೆಲೆ ಎಂದು ಗುರುತಿಸಿದ ಜಿಲ್ಲೆಗಳಲ್ಲಿ ಕರಾವಳಿಯ ಜಿಲ್ಲೆಗಳ ಜೊತೆಗೆ ಕಲಬುರಗಿ, ರಾಯಚೂರು, ವಿಜಯಪುರ, ಬಾಗಲಕೋಟೆ, ಯಾದಗಿರಿಗಳೂ ನಮ್ಮ ಬೀದರವೂ ಸೇರಿವೆ. 2004ರಲ್ಲಿ ದೇಶದಲ್ಲಿ ಶುರುವಾದ ಸಾಮೂಹಿಕ ಔಷಧ ಕಾರ್ಯಕ್ರಮದಲ್ಲಿ ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೆ ಬಂದು ಡಿ.ಇ.ಸಿ. ಮತ್ತು ಆಲ್ಬೆಂಡಜೋಲ್ ಗುಳಿಗೆ ನುಂಗಿಸಿದ್ದು ಹಲವರಿಗೆ ನೆನಪಿರಬಹುದು. 2027ರೊಳಗೆ ಈ ರೋಗವನ್ನು ತೊಲಗಿಸಬೇಕೆಂಬುದು ದೇಶದ ಗುರಿ.

ಈ ರೋಗವನ್ನು ಹರಡುವುದು ಕ್ಯೂಲೆಕ್ಸ್ ಜಾತಿಯ ಸೊಳ್ಳೆ. ಗಟಾರು, ತಿಪ್ಪೆಯ ಮಗ್ಗುಲ ಹೊಂಡ, ತೆರೆದ ಶೌಚದ ಗುಂಡಿ, ಇಂಥ ಹೊಲಸು ನೀರಿನಲ್ಲಿ ಇದು ಹುಟ್ಟುತ್ತದೆ. ಹಗಲೆಲ್ಲ ಕತ್ತಲ ಮೂಲೆಯಲ್ಲಿ ಅಡಗಿದ್ದು ರಾತ್ರಿ ಮನೆಯೊಳಗೆ ಬಂದು ಕಚ್ಚುತ್ತದೆ. ಪ್ರಕೃತಿಯ ವಿಚಿತ್ರ ನೋಡಿ: ರೋಗಿಯ ರಕ್ತದಲ್ಲಿರುವ ಆನೆಕಾಲು ಹುಳದ ಮರಿಗಳು ಹಗಲು ಒಳಗೆಲ್ಲೋ ಅಡಗಿದ್ದು ರಾತ್ರಿ ಹತ್ತರಿಂದ ಎರಡರ ಸುಮಾರಿಗೆ ಚರ್ಮದ ಸಮೀಪದ ರಕ್ತನಾಳಗಳಿಗೆ ಬರುತ್ತವೆ. ಸೊಳ್ಳೆ ಊಟಕ್ಕೆ ಬರುವ ಹೊತ್ತೂ ಅದೇ. ರಕ್ತ ಪರೀಕ್ಷೆ ಮಾಡುವವರು ರಾತ್ರಿ ಹೊತ್ತೇ ಮನೆಗೆ ಬರುವುದು ಇದಕ್ಕಾಗಿ.

ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಡೆಂಗಿ ಆದರೆ ರೋಗ ಹೊತ್ತ ಸೊಳ್ಳೆಯ ಒಂದು ಕಚ್ಚುವಿಕೆಯಿಂದಲೂ ಬರಬಹುದು. ಆನೆಕಾಲು ರೋಗ ಹಾಗೆ ಅಂಟಿಕೊಳ್ಳುವುದು ಅಪರೂಪ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಮತ್ತೆ ಮತ್ತೆ ಕಚ್ಚಿಸಿಕೊಂಡವರಲ್ಲಿ ಅದು ನೆಲೆಯೂರುತ್ತದೆ. ಸೋಂಕು ತಗಲುವುದು ಹೆಚ್ಚಾಗಿ ಬಾಲ್ಯದಲ್ಲಿ. ಹುಳಗಳು ದೇಹದ ದುಗ್ಧನಾಳಗಳಲ್ಲಿ ಆರೆಂಟು ವರ್ಷ ಬಾಳುತ್ತವೆ. ಕಾಲು ಬಾತುಕೊಳ್ಳುವುದು, ಗಂಡಸರಲ್ಲಿ ವೃಷಣಕ್ಕೆ ನೀರು ತುಂಬುವುದು ಕಾಣಿಸುವುದು ಎಷ್ಟೋ ವರ್ಷಗಳ ಮೇಲೆ. ಬಾತ ಕಾಲು ಮತ್ತೆ ಮೊದಲಿನಂತಾಗುವುದು ಕಷ್ಟ.

ಈಗ ಹರಿದ ಜಾಲರಿಯ ಕಡೆ ಮತ್ತೆ ನೋಡಿ. ಒಂದು ರಾತ್ರಿ ಒಂದೆರಡು ಸೊಳ್ಳೆ ನುಸುಳಿದರೆ ಏನಾದೀತು ಎನ್ನುತ್ತೇವೆ. ನಿಜ, ಒಂದು ರಾತ್ರಿಗೆ ಏನೂ ಆಗದಿರಬಹುದು. ಆದರೆ ಆ ತೂತು ಒಂದು ರಾತ್ರಿಯದಲ್ಲ, ನಾಲ್ಕೈದು ವರ್ಷದ್ದು. ಆ ಕಿಟಕಿಯ ಕೆಳಗೆ ಮಲಗುವ ಮಗು ಒಂದನೆಯ ತರಗತಿಯಿಂದ ಐದನೆಯ ತರಗತಿಗೆ ಬಂದಿರುತ್ತದೆ. ತೂತು ಚಿಕ್ಕದಾದರೂ ಅದು ತೆರೆದಿರುವ ಕಾಲ ದೊಡ್ಡದು. ದಿನಕ್ಕಿಷ್ಟು ಎಂದು ಸೇರುವ ಇಂಥ ರೋಗಕ್ಕೆ ದಿನವೂ ಕಾಯುವ ಜಾಲರಿಯೇ ತಕ್ಕ ಎದುರಾಳಿ.

ಜೊತೆಗೆ ಇದು ನೆರೆಹೊರೆಯ ಪ್ರಶ್ನೆಯೂ ಹೌದು. ರಕ್ತದಲ್ಲಿ ಹುಳದ ಮರಿ ಇದ್ದೂ ಯಾವ ಲಕ್ಷಣವೂ ಕಾಣದವರು ಬಹಳ ಮಂದಿ. ಅಂಥವರು ಜಾಲರಿಯೊಳಗೆ ಮಲಗಿದರೆ ಸೊಳ್ಳೆಗೆ ಮರಿ ಸಿಗುವುದಿಲ್ಲ, ಪಕ್ಕದ ಮನೆಗೆ ಸಾಗಿಸಲು ಏನೂ ಇರುವುದಿಲ್ಲ.

ಕೂಲರ್ ಬಿಟ್ಟುಹೋದ ಕಿಂಡಿ

ಬೇರೆ ಸೀಮೆಯವರಿಗೆ ಅಷ್ಟಾಗಿ ಇಲ್ಲದ ಒಂದು ತೊಂದರೆ ನಮ್ಮಲ್ಲಿದೆ. ಮಾರ್ಚ್ ಬಂತೆಂದರೆ ಅಟ್ಟದ ಮೇಲಿನ ಕೂಲರ್ ಕೆಳಗಿಳಿಯುತ್ತದೆ. ಅದರ ಮೋತಿ ಕಿಟಕಿಗೆ ಕೂರಬೇಕಲ್ಲ! ಕತ್ತರಿ ತಂದು ಜಾಲರಿಯನ್ನು ಚೌಕಾಕಾರ ಕತ್ತರಿಸುತ್ತೇವೆ. ಜೂನಿನಲ್ಲಿ ಮಳೆ ಹಿಡಿದ ಮೇಲೆ ಕೂಲರ್ ಮತ್ತೆ ಅಟ್ಟ ಸೇರುತ್ತದೆ. ಕತ್ತರಿಸಿದ ಕಿಂಡಿ ಮಾತ್ರ ಅಲ್ಲೇ ಇರುತ್ತದೆ. ಸೊಳ್ಳೆ ಹೆಚ್ಚಾಗುವುದು ಯಾವಾಗ? ಮಳೆಗಾಲದಲ್ಲಿ. ಕಿಟಕಿ ಬರಿದಾಗುವುದೂ ಆಗಲೇ!

ಇದಕ್ಕೆ ಉಪಾಯ ಸುಲಭ. ಕೂಲರ್ ಇಡುವ ಕಿಟಕಿಯ ಜಾಲರಿಯನ್ನು ಕತ್ತರಿಸಲೇಬೇಡಿ. ಅದೊಂದು ಕಿಟಕಿಗೆ ಬಿಚ್ಚಿ ತೆಗೆಯಬಲ್ಲ ಚೌಕಟ್ಟು ಮಾಡಿಸಿ. ಒಂದು ಅಂಗುಲದ ಮರದ ಪಟ್ಟಿಗಳಿಂದ ಚೌಕಟ್ಟು ಕಟ್ಟಿ ಜಾಲರಿ ಬಡಿದು, ನಾಲ್ಕು ಮೂಲೆಗೆ ತಿರುಗುವ ಮರದ ಬಿಲ್ಲೆ ಹಾಕಿದರೆ ಬಡಿಗೇರರಿಗೆ ಅರ್ಧ ದಿನದ ಕೆಲಸವೂ ಅಲ್ಲ. ಬೇಸಿಗೆಯಲ್ಲಿ ತೆಗೆದು ಕೂಲರ್ ಕೂರಿಸಿ, ಸುತ್ತಲಿನ ಸಂದಿಗೆ ಹಲಗೆಯನ್ನೋ ರಟ್ಟನ್ನೋ ಮುಚ್ಚಿ. ಮಳೆ ಬಂದಾಗ ಚೌಕಟ್ಟು ಮತ್ತೆ ಕಿಟಕಿಗೆ. ಅಟ್ಟಕ್ಕೆ ಏರಿಸುವ ಮುನ್ನ ಕೂಲರಿನ ನೀರನ್ನು ಪೂರ್ತಿ ಚೆಲ್ಲಿ ಒರೆಸುವುದನ್ನು ಮರೆಯಬೇಡಿ. ಡೆಂಗಿ, ಚಿಕೂನ್‌ಗುನ್ಯ ತರುವ ಈಡಿಸ್ ಸೊಳ್ಳೆಗೆ ಕೂಲರಿನ ತಳದ ತಿಳಿನೀರು ಬಲು ಪ್ರಿಯ.

ಯಾವ ಜಾಲರಿ?

ಅಂಗಡಿಗೆ ಹೋಗಿ 'ಅಣ್ಣಾರ, ಕಿಡಕಿ ಜಾಲಿ ಆದ ಏನ್ರೀ?' ಎಂದರೆ ನಾಲ್ಕೈದು ಸುರುಳಿ ನಿಮ್ಮ ಮುಂದೆ ಉರುಳುತ್ತವೆ. ಯಾವುದನ್ನು ಆರಿಸಬೇಕು?

ಸತುವಿನ ಲೇಪದ ಕಬ್ಬಿಣದ ಜಾಲರಿ, ಅಂದರೆ ಜಿ.ಐ. ಜಾಲಿ, ಹಳೆಯ ಪರಿಚಯದ್ದು. ಗಟ್ಟಿ, ಇಲಿ ಕಡಿಯಲಾರದು. ಆದರೆ ಲೇಪ ಸವೆದಂತೆ ತುಕ್ಕು ಹಿಡಿಯುತ್ತದೆ. ಮಳೆ ಬಡಿಯುವ ಕಿಟಕಿಗೂ ಬಚ್ಚಲಿನ ಕಿಟಕಿಗೂ ಅಷ್ಟಾಗಿ ಹೊಂದದು. ಅಲ್ಯುಮಿನಿಯಂ ಜಾಲರಿಗೆ ತುಕ್ಕಿಲ್ಲ, ಆದರೆ ಮೃದು. ಮಕ್ಕಳ ಚೆಂಡು ಒಮ್ಮೆ ಬಡಿದರೆ ತಗ್ಗು ಬೀಳುತ್ತದೆ. ಫೈಬರ್ ಜಾಲಿ ಎಂದು ಮಾರುವುದು ಗಾಜಿನ ಎಳೆಗೆ ಪಿ.ವಿ.ಸಿ. ಲೇಪಿಸಿದ್ದು. ಅಗ್ಗ, ಕತ್ತರಿಯಿಂದ ಕತ್ತರಿಸಬಹುದು, ಕೈಗೆ ಚುಚ್ಚುವುದಿಲ್ಲ. ಮನೆಯಲ್ಲೇ ಕೆಲಸ ಮಾಡಿಕೊಳ್ಳುವವರಿಗೆ ಇದೇ ಸಲೀಸು. ಇಲಿ, ಬೆಕ್ಕಿನ ಕಾಟವಿದ್ದಲ್ಲಿ ಮಾತ್ರ ಬೇಡ. ನೈಲಾನ್ ಜಾಲಿ ಎಲ್ಲಕ್ಕಿಂತ ಅಗ್ಗ, ಆದರೆ ನಮ್ಮ ಬಿಸಿಲಿಗೆ ಬೇಗ ಪುಡಿಪುಡಿಯಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಎಸ್.ಎಸ್. ಜಾಲಿಗೆ ಬೆಲೆ ಹೆಚ್ಚು, ಆಯುಷ್ಯವೂ ಹೆಚ್ಚು. ಅಡುಗೆಮನೆ, ಬಚ್ಚಲು, ನೆಲಮಟ್ಟದ ಕಿಟಕಿಗೆ ಕೈಬಿಚ್ಚಿ ಖರ್ಚು ಮಾಡಿದರೆ ನಷ್ಟವಿಲ್ಲ.

ಕಣ್ಣಿನ ಅಳತೆಯನ್ನು ಕೇಳಿಯೇ ಕೊಳ್ಳಿ. ಅಂಗುಲಕ್ಕೆ 16 ಅಥವಾ 18 ಕಣ್ಣು ಇರಬೇಕು. ಅದಕ್ಕಿಂತ ದೊಡ್ಡ ಕಣ್ಣಿನ ಜಾಲರಿ ನೊಣವನ್ನು ತಡೆದೀತು, ಸೊಳ್ಳೆಯನ್ನು ತಡೆಯುವ ಭರವಸೆ ಇಲ್ಲ. ತೀರ ಸಣ್ಣ ಕಣ್ಣಾದರೆ ಗಾಳಿಯೇ ಆಡದು. 16 ಕಣ್ಣಿನ ಜಾಲರಿಯಲ್ಲಿ ತಂತಿಯ ಜಾಗ ಕಳೆದು ಸುಮಾರು ಮೂರನೆಯ ಎರಡು ಪಾಲು ಜಾಗ ತೆರೆದೇ ಇರುತ್ತದೆ. ಜಾಲರಿ ಹಾಕಿದರೆ ಸೆಕೆ ಎಂದು ದೂರುವ ಮನೆಗಳಲ್ಲಿ ಎಷ್ಟೋ ಸಲ ತಪ್ಪು ಜಾಲರಿಯದಲ್ಲ, ಅದರಲ್ಲಿ ಕೂತ ದೂಳಿನದು. ಹುಮನಾಬಾದಿನಲ್ಲಿ ಹೆದ್ದಾರಿಯ ಪಕ್ಕದ ಮನೆಯವರಿಗೆ ಇದು ಹೆಚ್ಚು ಅನ್ವಯ. ತಿಂಗಳಿಗೊಮ್ಮೆ ಮೆತ್ತನೆಯ ಬ್ರಷ್ಷಿನಿಂದ ತಿಕ್ಕಿ ಸಾಬೂನು ನೀರಿನಿಂದ ಒರೆಸಿದರೆ ಗಾಳಿ ಮರಳಿ ಬರುತ್ತದೆ.

ಅಳತೆ ತೆಗೆಯುವಾಗ ಕಿಟಕಿಯ ತೆರೆದ ಜಾಗಕ್ಕೆ ನಾಲ್ಕೂ ಬದಿ ಒಂದೂವರೆ ಅಂಗುಲ ಹೆಚ್ಚು ಹಿಡಿಯಿರಿ. ಎರಡೂವರೆ ಅಡಿ ಅಗಲ, ಮೂರೂವರೆ ಅಡಿ ಎತ್ತರದ ಕಿಟಕಿಗೆ ಮೂರು ಅಡಿ ಅಗಲದ ಸುರುಳಿಯಿಂದ ನಾಲ್ಕು ಅಡಿ ಕತ್ತರಿಸಿ ತಂದರೆ ಸಾಕು. ಮಿಕ್ಕ ತುಂಡನ್ನು ಎಸೆಯಬೇಡಿ, ಮುಂದೆ ತೇಪೆಗೆ ಬೇಕಾಗುತ್ತದೆ.

ಮರದ ಕಿಟಕಿಗೆ

ಹಳೆಯ ಮರದ ಕಿಟಕಿಯಲ್ಲಿ ಜಾಲರಿಯ ಅಂಚನ್ನು ತೆಳುವಾದ ಮರದ ಪಟ್ಟಿ ಮುಚ್ಚಿರುತ್ತದೆ. ಅದೇ ಬೀಡಿಂಗ್ ಪಟ್ಟಿ. ಉಳಿಯನ್ನೋ ಅಗಲ ಬಾಯಿಯ ತಿರುಪುಳಿಯನ್ನೋ ಪಟ್ಟಿಯ ಕೆಳಗೆ ತೂರಿಸಿ, ಮೊಳೆ ಇರುವಲ್ಲಿ ನಿಧಾನ ಎಬ್ಬಿಸಿ. ಅವಸರಕ್ಕೆ ಜಗ್ಗಿದರೆ ಪಟ್ಟಿ ಮುರಿಯುತ್ತದೆ. ತೆಗೆದ ಪಟ್ಟಿಗಳ ಹಿಂದೆ ಪೆನ್ಸಿಲಿನಿಂದ ಮೇಲೆ, ಕೆಳಗೆ, ಎಡ, ಬಲ ಎಂದು ಬರೆದಿಡಿ. ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು ಹಳೆಯ ಜಾಲರಿ ಕಿತ್ತುಹಾಕಿ. ತುಕ್ಕು ಹಿಡಿದ ತಂತಿ ಚುಚ್ಚಿದರೆ ಧನುರ್ವಾಯುವಿನ ಭಯವಿದೆ. ಉಳಿದ ಮೊಳೆಗಳನ್ನು ಇಕ್ಕಳದಿಂದ ಎಳೆಯಿರಿ.

ಚೌಕಟ್ಟು ಬರಿದಾದಾಗ ಒಮ್ಮೆ ಬೆರಳಿನಿಂದ ಕುಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಒರಲೆ ಹಿಡಿದಿದೆ ಎಂದರ್ಥ. ಮೊದಲು ಅದಕ್ಕೆ ಔಷಧ, ಆಮೇಲೆ ಜಾಲರಿ. ಮರ ಚೆನ್ನಾಗಿದ್ದರೆ ಉಪ್ಪುಕಾಗದದಿಂದ ಉಜ್ಜಿ ಒಂದು ಕೈ ಬಣ್ಣ ಬಳಿಯಲು ಇದೇ ಸಮಯ.

ಬಣ್ಣ ಒಣಗಿದ ಮೇಲೆ ಜಾಲರಿಯ ಮೇಲಂಚಿನ ನಡುಭಾಗಕ್ಕೆ ಮೊದಲ ಮೊಳೆ. ಅಲ್ಲಿಂದ ಎರಡೂ ಬದಿಗೆ ಎರಡೆರಡು ಅಂಗುಲಕ್ಕೊಂದು. ಆಮೇಲೆ ಕೆಳಗಿನಿಂದ ಒಬ್ಬರು ಬಿಗಿಯಾಗಿ ಎಳೆದು ಹಿಡಿಯಲಿ, ಇನ್ನೊಬ್ಬರು ಕೆಳ ಅಂಚಿನ ನಡುವಿನಿಂದ ಶುರು ಮಾಡಲಿ. ಕಡೆಗೆ ಎರಡು ಪಕ್ಕ. ಅಂಚನ್ನು ಅರ್ಧ ಅಂಗುಲ ಮಡಿಚಿ ಮೊಳೆ ಹೊಡೆದರೆ ಎಳೆ ಬಿಚ್ಚಿಕೊಳ್ಳದು. ಮೂಲೆಯಿಂದ ಆರಂಭಿಸಿದರೆ ಜಾಲರಿ ಓರೆಯಾಗಿ ನಡುವೆ ಉಬ್ಬು ಬರುತ್ತದೆ, ಎಚ್ಚರ. ಪಟ್ಟಿಗಳನ್ನು ಮತ್ತೆ ಬಡಿದು, ಹೊರಚಾಚಿದ ಜಾಲರಿಯನ್ನು ಕತ್ತರಿಸಿ. ಬಳಗದಲ್ಲೊಬ್ಬರು ಕೈಗೂಡಿಸಿದರೆ ಒಂದು ಕಿಟಕಿಗೆ ಒಂದು ಗಂಟೆ, ಹೆಚ್ಚೆಂದರೆ ಎರಡು.

ಅಲ್ಯುಮಿನಿಯಂ ಕಿಟಕಿಗೆ

ಈಚಿನ ಮನೆಗಳಲ್ಲಿ ಸರಿಯುವ ಅಲ್ಯುಮಿನಿಯಂ ಕಿಟಕಿಗಳೇ ಹೆಚ್ಚು. ಜಾಲರಿಯ ಬಾಗಿಲನ್ನು ಎರಡೂ ಕೈಯಿಂದ ಹಿಡಿದು ಮೇಲಕ್ಕೆತ್ತಿ, ತಳಭಾಗವನ್ನು ನಿಮ್ಮತ್ತ ಎಳೆದರೆ ಅದು ಹಳಿಯಿಂದ ಹೊರಬರುತ್ತದೆ. ಮೇಲಿನ ಅಂತಸ್ತಿನಲ್ಲಿ ಇನ್ನೊಬ್ಬರ ನೆರವಿಲ್ಲದೆ ಈ ಕೆಲಸ ಬೇಡ.

ಬಾಗಿಲನ್ನು ನೆಲದ ಮೇಲೆ ಮಲಗಿಸಿ ನೋಡಿ. ಜಾಲರಿಯ ಸುತ್ತ ಕಾಲುವೆಯಂಥ ಸೀಳಿನಲ್ಲಿ ಕಪ್ಪು ರಬ್ಬರು ದಾರ ಕೂತಿರುತ್ತದೆ. ಜಾಲರಿಯನ್ನು ಹಿಡಿದಿರುವುದು ಅದೇ. ತಿರುಪುಳಿಯ ತುದಿಯಿಂದ ಒಂದು ಕೊನೆ ಎಬ್ಬಿಸಿ ಎಳೆದರೆ ಸರಸರ ಬರುತ್ತದೆ. ಅದರ ತುಂಡೊಂದನ್ನು ಅಂಗಡಿಗೆ ಒಯ್ದು ಅದೇ ದಪ್ಪದ ಹೊಸ ರಬ್ಬರು ತನ್ನಿ. ಬಿರುಸಾದ ಹಳೆಯ ರಬ್ಬರನ್ನೇ ಮತ್ತೆ ಬಳಸಿದರೆ ಜಾಲರಿ ಕೆಲವೇ ದಿನದಲ್ಲಿ ಜಾರುತ್ತದೆ.

ಹೊಸ ಜಾಲರಿಯನ್ನು ಚೌಕಟ್ಟಿನ ಮೇಲೆ ಹರಡಿ, ಎಳೆಗಳು ಚೌಕಟ್ಟಿಗೆ ನೇರವಾಗಿವೆಯೆ ನೋಡಿಕೊಂಡು, ಒಂದು ಮೂಲೆಯಿಂದ ರಬ್ಬರನ್ನು ಸೀಳಿಗೆ ಒತ್ತುತ್ತ ಹೋಗಿ. ಇದಕ್ಕೆಂದೇ ಸಣ್ಣ ಗಾಲಿಯ ಹಿಡಿ ಸಿಗುತ್ತದೆ. ಅತಿಯಾಗಿ ಎಳೆಯುವುದು ಇಲ್ಲಿ ದೊಡ್ಡ ತಪ್ಪು. ತೆಳುವಾದ ಚೌಕಟ್ಟು ನಡುವಿನಲ್ಲಿ ಒಳಕ್ಕೆ ಬಾಗಿ, ಕಿಟಕಿಗೆ ಮರಳಿ ಹಾಕಿದಾಗ ಬದಿಗೆ ಸಂದಿ ಬಿಡುತ್ತದೆ. ಚೌಕಟ್ಟಿನ ಒಳಗೆ ಅಳತೆಗೆ ಸರಿಯಾಗಿ ಕತ್ತರಿಸಿದ ಮರದ ತುಂಡನ್ನು ಅಡ್ಡ ಇಟ್ಟುಕೊಂಡರೆ ಬಾಗುವುದಿಲ್ಲ. ನಾಲ್ಕೂ ಬದಿ ಮುಗಿದ ಮೇಲೆ ಹೊರಗಿನ ಜಾಲರಿಯನ್ನು ಹರಿತವಾದ ಬ್ಲೇಡಿನಿಂದ ಸೀಳಿನ ಹೊರ ಅಂಚಿಗೆ ಕತ್ತರಿಸಿ. ಬ್ಲೇಡು ಒಳಮುಖವಾದರೆ ಮಾಡಿದ್ದೆಲ್ಲ ವ್ಯರ್ಥ.

ಬಾಡಿಗೆ ಮನೆಯವರ ಕಷ್ಟ ಬೇರೆ. ಮಾಲೀಕರು ಮಾಡಿಸರು, ಮೊಳೆ ಹೊಡೆಯಲು ಬಿಡರು. ಅಂಥವರಿಗೆ ಅಂಟಿಸಿ ಬಿಚ್ಚುವ ವೆಲ್ಕ್ರೋ ಪಟ್ಟಿಯ ಜಾಲರಿ ಅನುಕೂಲ. ಮನೆ ಬಿಡುವಾಗ ಜಾಲರಿಯನ್ನು ಜೊತೆಗೇ ಒಯ್ಯಬಹುದು. ಚೌಕಟ್ಟನ್ನು ಸಾಬೂನಿನಿಂದ ತೊಳೆದು, ಪೂರ್ತಿ ಒಣಗಿದ ಮೇಲೆ ಪಟ್ಟಿ ಅಂಟಿಸಿ, ಒಂದು ದಿನ ಬಿಟ್ಟು ಜಾಲರಿ ಒತ್ತಿ. ಪಡುವಣ ದಿಕ್ಕಿನ ಕಿಟಕಿಯಲ್ಲಿ ಬೇಸಿಗೆಯ ಝಳಕ್ಕೆ ಅಂಟು ಸಡಿಲುವುದುಂಟು. ಆಗಾಗ ಅಂಚು ಒತ್ತಿ ನೋಡುತ್ತಿರಿ.

ಸಣ್ಣ ತೂತಿಗೆ ತೇಪೆ

ಒಂದೆರಡು ಅಂಗುಲದ ತೂತಿಗೆ ಇಡೀ ಜಾಲರಿ ಬದಲಿಸಬೇಕಿಲ್ಲ. ತಂತಿ ಜಾಲರಿಯಾದರೆ ತೂತಿಗಿಂತ ಸುತ್ತಲೂ ಒಂದು ಅಂಗುಲ ದೊಡ್ಡದಾದ ತುಂಡು ಕತ್ತರಿಸಿ. ಅದರ ನಾಲ್ಕೂ ಅಂಚಿನ ಎರಡು ಮೂರು ಎಳೆ ತೆಗೆದರೆ ಅಂಚಿಗೆ ತಂತಿಯ ಮುಳ್ಳುಗಳು ನಿಲ್ಲುತ್ತವೆ. ಅವನ್ನು ಬಗ್ಗಿಸಿ ಹಳೆಯ ಜಾಲರಿಯ ಕಣ್ಣುಗಳಲ್ಲಿ ತೂರಿಸಿ ಹಿಂದಿನಿಂದ ಮಡಿಚಿ ಒತ್ತಿದರೆ ತೇಪೆ ಕಚ್ಚಿಕೊಳ್ಳುತ್ತದೆ. ಫೈಬರ್ ಜಾಲರಿಗೆ ಸೂಜಿ, ನೈಲಾನ್ ದಾರ ಸಾಕು. ಕೌದಿ ಹೊಲಿಯುವ ಕೈಗಳಿಗೆ ಇದು ಯಾವ ಲೆಕ್ಕ! ಹತ್ತಿ, ಸಾಬೂನಿನ ಚೂರು, ಪ್ಲಾಸ್ಟಿಕ್ ಚೀಲ ತುರುಕುವುದು ಮಾತ್ರ ಬೇಡ. ಅವು ಒಂದು ಮಳೆಗೂ ನಿಲ್ಲುವುದಿಲ್ಲ.

ತೂತು ಎಲ್ಲಿದೆ ಎಂದೇ ತಿಳಿಯದಿದ್ದರೆ? ಹಗಲು ಹೊತ್ತಿನಲ್ಲಿ ಬಾಗಿಲು, ಕಿಟಕಿಯ ಕದಗಳನ್ನೆಲ್ಲ ಮುಚ್ಚಿ ಕೋಣೆ ಕತ್ತಲು ಮಾಡಿ. ಚೌಕಟ್ಟು ಗೋಡೆಗೆ ಸೇರುವಲ್ಲಿ, ಬಾಗಿಲ ಕೆಳಗೆ, ಬೆಳಕಿಂಡಿಯ ಸುತ್ತ ಬೆಳಕು ನುಸುಳುವ ಸಂದಿಗಳು ತಾವೇ ಕಾಣುತ್ತವೆ. ಇನ್ನೊಂದು ಗುರುತು: ಬೆಳಗ್ಗೆ ಎದ್ದಾಗ ಜಾಲರಿಯ ಒಳಮೈಗೆ ಹೊಟ್ಟೆ ಕೆಂಪಗಾದ ಸೊಳ್ಳೆಗಳು ಕೂತಿದ್ದರೆ ರಾತ್ರಿ ಎಲ್ಲಿಂದಲೋ ಒಳಬಂದು, ಉಂಡು, ಈಗ ಹೊರದಾರಿ ಹುಡುಕುತ್ತಿವೆ ಎಂದೇ ಅರ್ಥ. ಬಚ್ಚಲಿನ, ಅಡುಗೆಮನೆಯ ಬೆಳಕಿಂಡಿಗಳನ್ನು ನಾವು ಕಿಟಕಿ ಎಂದೇ ಎಣಿಸುವುದಿಲ್ಲ. ಸೊಳ್ಳೆ ಎಣಿಸುತ್ತದೆ.

ಜಾಲರಿ ಒಂದೇ ಸಾಲದು

ಜಾಲರಿ ರಾತ್ರಿಯ ಸೊಳ್ಳೆಗೆ ದೊಡ್ಡ ತಡೆ. ಹಗಲು ಕಚ್ಚುವ ಈಡಿಸ್ ಸೊಳ್ಳೆ ಮನೆಯೊಳಗಿನ ನೀರಿನಲ್ಲೇ ಹುಟ್ಟಿದರೆ ಕಿಟಕಿ ಏನು ಮಾಡೀತು? ನಳದ ನೀರು ದಿನವೂ ಬಾರದ ಊರುಗಳಲ್ಲಿ ರಾಂಜಣ, ಡ್ರಮ್ಮು, ಹೌದುಗಳಲ್ಲಿ ತುಂಬಿಡುವುದು ಅನಿವಾರ್ಯ. ಅವಕ್ಕೆ ಮುಚ್ಚಳ ಇರಲಿ, ವಾರಕ್ಕೊಮ್ಮೆ ಬರಿದು ಮಾಡಿ ತಿಕ್ಕಿ ತೊಳೆಯಿರಿ. ಸೊಳ್ಳೆಯ ಮೊಟ್ಟೆ ರೆಕ್ಕೆ ಪಡೆಯಲು ವಾರಕ್ಕಿಂತ ತುಸು ಹೆಚ್ಚು ಸಮಯ ಬೇಕು. 2006ರಲ್ಲಿ ಚಿಕೂನ್‌ಗುನ್ಯ ದೇಶದಲ್ಲಿ ಸುಮಾರು 14 ಲಕ್ಷ ಜನರಿಗೆ ತಗಲಿತೆಂದು ಶಂಕಿಸಲಾಗಿತ್ತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು, ಏಳೂವರೆ ಲಕ್ಷ, ಕರ್ನಾಟಕದ್ದೇ. ಕೀಲು ಹಿಡಿದು ತಿಂಗಳುಗಟ್ಟಲೆ ಹೊಲಕ್ಕೆ ಹೋಗಲಾಗದೆ ಕೂತವರ ನೆನಪು ಹಳ್ಳಿಗಳಲ್ಲಿ ಇನ್ನೂ ಮಾಸಿಲ್ಲ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡದ ನಿಯಮ ತಂದಿತು. ಗಟಾರು ಹರಿಯುವಂತೆ ಮಾಡುವುದು ನಗರಾಡಳಿತದ ಹೊಣೆ. ಅದನ್ನು ಕೇಳಿ ಪಡೆಯುವುದು ನಮ್ಮ ಹಕ್ಕು. ಗುಳಿಗೆ ಹಂಚುವ ದಿನ ನುಂಗುವುದೂ ನಮ್ಮ ಕೆಲಸವೇ.

ಗಟಾರಿಗೆ ಅರ್ಜಿ ಬರೆದು ಕಾಯಬೇಕು, ಗುಳಿಗೆಗೆ ವರ್ಷ ಕಾಯಬೇಕು. ಕಿಟಕಿಯ ತೂತಿಗೆ ಮಾತ್ರ ಯಾರನ್ನೂ ಕಾಯಬೇಕಿಲ್ಲ. ಒಂದು ತುಂಡು ಜಾಲರಿ, ಒಂದು ಹಿಡಿ ಮೊಳೆ, ಭಾನುವಾರದ ಒಂದು ಬೆಳಗು, ಇಷ್ಟೇ ಬೇಕಾದದ್ದು. ಇವತ್ತು ಸಂಜೆ ದೀಪ ಹಚ್ಚುವ ಮುನ್ನ ನಿಮ್ಮ ಮನೆಯ ಕಿಟಕಿಗಳನ್ನು ಒಮ್ಮೆ ಸುತ್ತಿ ನೋಡಿ. ಮಕ್ಕಳು ಮಲಗುವ ಕೋಣೆಯಿಂದ ಆರಂಭಿಸಿ.